‘ಆ ಪದದ ಅರ್ಥ ಅದಲ್ಲ’ ಎನ್ನುವವರ ಜತೆ ವಾದಕ್ಕಿಳಿಯುವ ಮುನ್ನ

ಪೆಟ್ರೋಲ್ ಟ್ಯಾಂಕರಿನ ಹಿಂದೆ ದಪ್ಪಕ್ಷರದಲ್ಲಿ ‘ಹೈಲಿ ಇನ್‌ಫ್ಲೇಮಬಲ್’ ಎಂದು ಬರೆದಿರುವುದನ್ನು ಹೆದ್ದಾರಿಯಲ್ಲಿ ಓಡಾಡುವವರೆಲ್ಲ ನೋಡಿರುತ್ತಾರೆ. ಶಾಲೆಯಲ್ಲಿ ಇಂಗ್ಲಿಷ್ ಕಲಿತವರಿಗೆ ‘ಇನ್’ ಎಂದರೆ ‘ಅಲ್ಲ’ ಎಂಬ ಪಾಠ ತಲೆಯಲ್ಲಿ ಕೂತಿರುತ್ತದೆ. ಕರೆಕ್ಟ್, ಇನ್‌ಕರೆಕ್ಟ್, ವಿಸಿಬಲ್, ಇನ್‌ವಿಸಿಬಲ್. ಆ ಲೆಕ್ಕದಲ್ಲಿ ಇನ್‌ಫ್ಲೇಮಬಲ್ ಎಂದರೆ ಬೆಂಕಿ ಹತ್ತದ್ದು ಎಂದಾಗಬೇಕಿತ್ತು. ಆದರೆ ಒಳಗಿರುವುದು ಪೆಟ್ರೋಲು. ಈ ‘ಇನ್’ ಬೇರೆಯದು. ‘ಹೊತ್ತಿಸು’ ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದ ‘ಇನ್‌ಫ್ಲಮ್ಮಾರೆ’ಯಿಂದ ಅದು ಪದದ ಜತೆಗೇ ಅಂಟಿಕೊಂಡು ಬಂದಿದೆ. ಹಾಗಾಗಿ ವ್ಯಾಕರಣವನ್ನೇ ಹಿಡಿದು ಕೂತರೆ ಇನ್‌ಫ್ಲೇಮಬಲ್ ನೂರಕ್ಕೆ ನೂರು ಸರಿ. ಆದರೂ 1920ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ಈ ಸರಿಯಾದ ಪದವನ್ನು ಬಿಟ್ಟು, ಅಷ್ಟಾಗಿ ಬಳಕೆಯಲ್ಲಿಲ್ಲದ ‘ಫ್ಲೇಮಬಲ್’ ಅನ್ನು ಬಳಸಿ ಎಂದು ಒತ್ತಾಯಿಸತೊಡಗಿತು. ಲ್ಯಾಟಿನ್ ಗೊತ್ತಿಲ್ಲದ ಕೂಲಿಯಾಳು ಡಬ್ಬಿಯ ಪಕ್ಕ ಬೀಡಿ ಹಚ್ಚಿದರೆ ಪದದ ಮೂಲ ಅವನನ್ನು ಕಾಪಾಡುವುದಿಲ್ಲವಲ್ಲ.

ಇಂಗ್ಲಿಷ್ ಪದಗಳ ಬಗೆಗಿನ ಜಗಳಗಳೆಲ್ಲ ಇಷ್ಟು ಜಾಣತನದಿಂದ ಮುಗಿಯುವುದಿಲ್ಲ. ‘ಆ ಪದದ ನಿಜವಾದ ಅರ್ಥ ಅದಲ್ಲ’ ಎಂದು ಯಾರಾದರೂ ತಿದ್ದಿದಾಗ ಅದರೊಳಗೆ ಬೇರೆ ಬೇರೆ ದೂರುಗಳು ಸೇರಿಕೊಂಡಿರುತ್ತವೆ. ಓದಿದವರಿಗೆ ತಪ್ಪು ಅರ್ಥವಾಗುತ್ತದೆ ಎನ್ನುವುದು ಒಂದು. ಹಿಂದೆ ಅರ್ಥ ಬೇರೆ ಇತ್ತು ಎನ್ನುವುದು ಇನ್ನೊಂದು. ಹೀಗೆ ಬಳಸುವವರು ಸರಿಯಾಗಿ ಓದಿಕೊಂಡವರಲ್ಲ ಎನ್ನುವುದು ಮತ್ತೊಂದು. ಬಾಯಲ್ಲಿ ಬರುವುದು ಎರಡನೆಯದು, ಮನಸ್ಸಿನಲ್ಲಿರುವುದು ಬಹಳ ಸಲ ಮೂರನೆಯದು. ಉತ್ತರ ಕೊಡಬೇಕಾದದ್ದು ಮಾತ್ರ ಮೊದಲನೆಯದಕ್ಕೆ ಎನ್ನುವುದು ನನ್ನ ಅಭಿಪ್ರಾಯ. ‘ಫ್ಲೇಮಬಲ್’ ಬಳಸಿ ಎಂದ ಆ ಅಸೋಸಿಯೇಷನ್ ಮಾಡಿದ್ದು ಅದನ್ನೇ.

ಈ ಮೂರೂ ಕಲಸಿಹೋಗಿರುವ ಪದ ಎಂದರೆ ‘ಲಿಟರಲಿ’. ‘ಐ ಲಿಟರಲಿ ಡೈಡ್ ಲಾಫಿಂಗ್’ ಎಂದು ಹುಡುಗರು ಹೇಳಿದರೆ ಇಂಗ್ಲಿಷ್ ಮೇಷ್ಟ್ರಿಗೆ ಮೈ ಉರಿಯುತ್ತದೆ. ಲಿಟರಲಿ ಎಂದರೆ ಅಕ್ಷರಕ್ಕೆ ಅಕ್ಷರ ನಿಜ. ಸತ್ತವನು ಎದುರು ನಿಂತು ಹೇಗೆ ಮಾತಾಡಿದ? 2013ರಲ್ಲಿ, ಆಕ್ಸ್‌ಫರ್ಡ್ ನಿಘಂಟು ಈ ಉತ್ಪ್ರೇಕ್ಷೆಯ ಅರ್ಥವನ್ನೂ ಸೇರಿಸಿಬಿಟ್ಟಿದೆ ಎಂಬ ಸುದ್ದಿ ಹಬ್ಬಿ, ಇಂಗ್ಲಿಷ್ ಭಾಷೆಯೇ ಮುಳುಗಿತು ಎಂಬಂತೆ ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ನಿಘಂಟಿನವರು ಅದನ್ನು ಸೇರಿಸಿದ್ದು ಎರಡು ವರ್ಷ ಮೊದಲೇ. ಅಷ್ಟು ದಿನ ಯಾರೂ ಗಮನಿಸಿರಲಿಲ್ಲ. ಅದಕ್ಕಿಂತ ಮಜಾ ಎಂದರೆ ಅವರು ಕೊಟ್ಟ ಮೊದಲ ಉದಾಹರಣೆ 1769ರದು, ಫ್ರಾನ್ಸಿಸ್ ಬ್ರೂಕ್ ಎಂಬ ಲೇಖಕಿಯ ಕಾದಂಬರಿಯಿಂದ. ಮಾರ್ಕ್ ಟ್ವೈನ್ 1876ರಲ್ಲಿ ಟಾಮ್ ಸಾಯರ್‌ನನ್ನು ಲಿಟರಲಿ ಸಂಪತ್ತಿನಲ್ಲಿ ಹೊರಳಾಡಿಸಿದ್ದಾರೆ. ಹುಡುಗ ಹೊರಳಾಡಲಿಲ್ಲ, ಅವನ ಬಳಿ ಇದ್ದದ್ದು ಗೋಲಿ, ಗಾಳಿಪಟದಂಥ ಸಾಮಾನು. ಇದಕ್ಕೆ ಆಕ್ಷೇಪ ಎದ್ದದ್ದು ತಡವಾಗಿ. ಅಮೆರಿಕದ ಲೇಖಕ ಆ್ಯಂಬ್ರೋಸ್ ಬಿಯರ್ಸ್ 1909ರಲ್ಲಿ ಇದನ್ನು ತಪ್ಪುಗಳ ಪಟ್ಟಿಗೆ ಹಾಕಿದರು. ಅಂದರೆ ಈಗಿನ ಹುಡುಗರು ಕೆಡಿಸಿದರು ಎಂಬ ಬಳಕೆಗೆ ಎರಡೂವರೆ ಶತಮಾನ ತುಂಬಿದೆ.

ಕನ್ನಡದವರಿಗೆ ಇದು ಹೊಸದೇನಲ್ಲ. ಒಂದು ಗಂಟೆ ಜೋರು ಮಳೆ ಬಂದರೆ ನಮ್ಮ ಸುದ್ದಿ ವಾಹಿನಿಗಳಲ್ಲಿ ರಸ್ತೆ ‘ಅಕ್ಷರಶಃ’ ಕೆರೆಯಾಗುತ್ತದೆ, ಊರು ‘ಅಕ್ಷರಶಃ’ ನರಕವಾಗುತ್ತದೆ. ನರಕಕ್ಕೆ ಹೋಗಿ ಹೋಲಿಸಿ ನೋಡಿದವರು ಯಾರೂ ಇಲ್ಲ. ‘ನಿಜ’ ಎಂಬ ಅರ್ಥದ ಪದಗಳು ಒತ್ತಿ ಹೇಳುವುದಕ್ಕೆ ಬಳಕೆಯಾಗಿ, ಬರಬರುತ್ತಾ ನಿಜದ ಭಾರ ಇಳಿಸಿಕೊಂಡು ಬರೀ ಒತ್ತಾಗಿ ಉಳಿಯುವುದು ಬಹಳ ಭಾಷೆಗಳಲ್ಲಿ ಕಾಣುವ ಚಾಳಿ. ಇಂಗ್ಲಿಷಿನ ‘ವೆರಿ’ ಕೂಡ ಒಂದು ಕಾಲದಲ್ಲಿ ‘ಸತ್ಯವಾದ’ ಎಂಬ ಅರ್ಥದ ಪದವೇ. ‘ರಿಯಲಿ’ಯ ಕತೆಯೂ ಅದೇ. ‘ವೆರಿ ಗುಡ್’ ಎಂದಾಗ ಸತ್ಯ ಎಲ್ಲಿದೆ ಎಂದು ಮೇಷ್ಟ್ರು ಕೇಳುವುದಿಲ್ಲ.

ಹಾಗಾದರೆ ಎಲ್ಲೆಂದರಲ್ಲಿ ಬಳಸಬಹುದೇ? ನಕ್ಕು ಸತ್ತೆ ಎಂದವನು ಸತ್ತ ಎಂದು ಯಾರೂ ತಿಳಿಯುವುದಿಲ್ಲ, ಹಾಗಾಗಿ ಗೊಂದಲದ ದೂರು ಇಲ್ಲಿ ನಿಲ್ಲದು. ಆದರೆ ಕೆಲಸಕ್ಕೆ ಅರ್ಜಿ ಬರೆಯುವಾಗ, ಓದುವವರಿಗೆ ಮೈ ಉರಿಯುವ ಸಾಧ್ಯತೆ ಇದೆ ಎಂದು ಗೊತ್ತಿದ್ದೂ ಹಾಕುವುದೇಕೆ? ಆ ಪದ ತೆಗೆದರೆ ವಾಕ್ಯಕ್ಕೆ ಏನೂ ಆಗುವುದಿಲ್ಲ ಎನ್ನುವುದು ಅದರ ಮೇಲಿನ ನಿಜವಾದ ಟೀಕೆ.

ಎರಡನೆಯ ದೂರು, ಹಳೆಯ ಅರ್ಥದ್ದು, ಕೇಳುವುದಕ್ಕೆ ಬಹಳ ಗಟ್ಟಿಯಾಗಿರುತ್ತದೆ. ‘ಡೆಸಿಮೇಟ್’ ಎಂದರೆ ಹತ್ತರಲ್ಲಿ ಒಂದನ್ನು ನಾಶ ಮಾಡುವುದು, ಪೂರ್ತಿ ಧ್ವಂಸ ಮಾಡುವುದಲ್ಲ ಎನ್ನುತ್ತಾರೆ. ದಂಗೆಯೆದ್ದ ಅಥವಾ ಹೇಡಿತನ ತೋರಿದ ರೋಮನ್ ಪಡೆಗೆ ಕೊಡುತ್ತಿದ್ದ ಶಿಕ್ಷೆ ಅದು. ಚೀಟಿ ಎತ್ತಿ ಹತ್ತರಲ್ಲಿ ಒಬ್ಬನನ್ನು ಆರಿಸುವುದು, ಉಳಿದ ಒಂಬತ್ತು ಮಂದಿಯ ಕೈಯಿಂದಲೇ ಅವನನ್ನು ಹೊಡೆಸಿ ಕೊಲ್ಲುವುದು. ಸ್ಪಾರ್ಟಕಸ್‌ನ ಗುಲಾಮರ ಸೈನ್ಯದೆದುರು ಓಡಿಬಂದ ತನ್ನ ಪಡೆಗೆ ರೋಮನ್ ಸೇನಾಪತಿ ಕ್ರಾಸಸ್ ಕ್ರಿ.ಪೂ. 71ರ ಸುಮಾರಿಗೆ ಈ ಶಿಕ್ಷೆ ಕೊಟ್ಟ. ಇತಿಹಾಸವೇನೋ ರೋಚಕ. ಆದರೆ ಇಂಗ್ಲಿಷಿನಲ್ಲಿ ‘ಭಾರಿ ನಾಶ’ ಎಂಬ ಅರ್ಥ 17ನೇ ಶತಮಾನದಿಂದಲೇ ಓಡಾಡುತ್ತಿದೆ. ಇವತ್ತು ಹತ್ತಕ್ಕೊಂದು ಲೆಕ್ಕದಲ್ಲಿ ಕೊಲ್ಲುವ ಕೆಲಸಕ್ಕೆ ದಿನಬಳಕೆಯ ಪದವೂ ಬೇಕಿಲ್ಲ. ಡೆಸಿಮೇಟ್‌ನಲ್ಲಿರುವ ‘ಹತ್ತು’ ಡಿಸೆಂಬರಿನಲ್ಲೂ ಇದೆ. ಅದು ಹನ್ನೆರಡನೆಯ ತಿಂಗಳು, ಯಾರೂ ತಕರಾರು ಮಾಡುತ್ತಿಲ್ಲ. ಕ್ವಾರಂಟೈನ್ ಎಂದರೆ ಮೂಲದಲ್ಲಿ ನಲವತ್ತು ದಿನ. ಕೋವಿಡ್ ಕಾಲದಲ್ಲಿ ಹದಿನಾಲ್ಕಕ್ಕೆ ಬಿಟ್ಟು ಕಳಿಸಿದಾಗ ‘ಇನ್ನೂ ಇಪ್ಪತ್ತಾರು ಬಾಕಿ’ ಎಂದು ಕೂತವರಿಲ್ಲ.

ಮೂಲದ ಅರ್ಥವೇ ನಿಜವಾದ ಅರ್ಥ ಎನ್ನುವುದಾದರೆ ಕನ್ನಡದಲ್ಲಿ ಬಾಯಿ ತೆರೆಯುವುದೇ ಕಷ್ಟ. ಸಂಸ್ಕೃತದ ‘ಶಿಕ್ಷಾ’ ವಿದ್ಯೆ ಕಲಿಸುವುದು. ಹಿಂದಿಯಲ್ಲಿ ಇವತ್ತಿಗೂ ಶಿಕ್ಷಾ ಮಂತ್ರಿ ಇದ್ದಾರೆ. ನಮ್ಮಲ್ಲಿ ಶಿಕ್ಷೆ ಎಂದರೆ ಜೈಲು. ಹಿಂದಿಯಲ್ಲಿ ಉಪನ್ಯಾಸ ಕಾದಂಬರಿ, ನಮ್ಮಲ್ಲಿ ಭಾಷಣ. ಇದರಲ್ಲಿ ತಪ್ಪು ಯಾರದು ಎಂದು ಯಾರೂ ಪಂಚಾಯ್ತಿ ಕೂರಿಸಿಲ್ಲ.

‘ಡಿಸ್‌ಇಂಟರೆಸ್ಟೆಡ್’ ಪದದಲ್ಲಿ ಈ ವಾದ ತಲೆಕೆಳಗಾಗುವುದನ್ನೇ ನೋಡಬಹುದು. ಅದರ ಅರ್ಥ ‘ಸ್ವಹಿತ ಇಲ್ಲದ, ನಿಷ್ಪಕ್ಷಪಾತಿಯಾದ’ ಎಂದು, ‘ಆಸಕ್ತಿ ಇಲ್ಲದ’ ಎನ್ನಲು ‘ಅನ್‌ಇಂಟರೆಸ್ಟೆಡ್’ ಎಂದು, ಎರಡನ್ನೂ ಬೆರೆಸುವುದು ಇತ್ತೀಚಿನ ಅಜ್ಞಾನ ಎಂದು ಕೈಪಿಡಿಗಳು ಹೇಳುತ್ತವೆ. ಹಳೆಯ ಬರಹಗಳನ್ನು ತೆರೆದರೆ 17ನೇ ಶತಮಾನದ ಆರಂಭದಲ್ಲಿ ಕವಿ ಜಾನ್ ಡನ್ ಡಿಸ್‌ಇಂಟರೆಸ್ಟೆಡ್ ಅನ್ನು ‘ಆಸಕ್ತಿ ಇಲ್ಲದ’ ಎಂದೇ ಬಳಸಿದ್ದಾರೆ. ಅದೇ ಶತಮಾನದಲ್ಲಿ ಅನ್‌ಇಂಟರೆಸ್ಟೆಡ್ ‘ನಿಷ್ಪಕ್ಷಪಾತಿ’ ಎಂಬ ಅರ್ಥದಲ್ಲಿ ಬಂದಿದೆ. ಎರಡೂ ಜಾಗ ಬದಲಿಸಿಕೊಂಡಿವೆ! ಇಷ್ಟಾದರೂ ಈ ಒಂದು ವ್ಯತ್ಯಾಸವನ್ನು ನಾನು ಉಳಿಸಿಕೊಳ್ಳುತ್ತೇನೆ. ಹಳೆಯದು ಎಂದಲ್ಲ, ಉಪಯೋಗಕ್ಕೆ ಬರುತ್ತದೆ ಎಂದು. ಕೋರ್ಟಿನಲ್ಲಿ ‘ಡಿಸ್‌ಇಂಟರೆಸ್ಟೆಡ್ ವಿಟ್ನೆಸ್’ ಎಂದರೆ ಕೇಸಿನಿಂದ ತನಗೇನೂ ಲಾಭವಿಲ್ಲದ ಸಾಕ್ಷಿ. ಅವನು ಆಕಳಿಸುತ್ತಾ ನಿಂತ ಸಾಕ್ಷಿ ಎಂದು ಯಾರಾದರೂ ಓದಿಕೊಂಡರೆ ಕಕ್ಷಿದಾರನ ಗತಿಯೇನು?

ಸರಿ, ಇದನ್ನೆಲ್ಲ ಕೊನೆಗೆ ತೀರ್ಮಾನಿಸುವವರು ಯಾರು? ಫ್ರೆಂಚ್ ಭಾಷೆಗೆ 1635ರಿಂದ ಒಂದು ಅಕಾಡೆಮಿ ಇದೆ. ಇಂಗ್ಲಿಷಿಗೆ ಇಲ್ಲ. ಅಂಥದ್ದೊಂದು ಬೇಕು ಎಂದು ಜೊನಾಥನ್ ಸ್ವಿಫ್ಟ್ 1712ರಲ್ಲಿ ಬರೆದರು, ಆಗಲಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ನಿಘಂಟನ್ನು ಹೊರತಂದಾಗ ಮುನ್ನುಡಿಯಲ್ಲಿ, ಭಾಷೆಯನ್ನು ಬದಲಾಗದಂತೆ ನಿಲ್ಲಿಸುತ್ತೇನೆಂಬ ಆಸೆ ತನಗೂ ಇತ್ತು, ಆದರೆ ಅದು ಆಗುವ ಮಾತಲ್ಲ ಎಂದು ತಾವೇ ಬರೆದುಕೊಂಡರು. ಅಲ್ಲಿಂದೀಚೆಗೆ ನಿಘಂಟು ಮಾಡುವವರ ಕೆಲಸ ಮುಖ್ಯವಾಗಿ ಜನ ಬರೆದದ್ದನ್ನು ಕಲೆಹಾಕಿ, ಯಾವ ಪದ ಯಾವ ಅರ್ಥದಲ್ಲಿ ಬಂದಿದೆ ಎಂದು ವಿಂಗಡಿಸುವುದು. ಓದುವವರು ಮಾತ್ರ ಅದನ್ನು ಕಾನೂನಿನ ಪುಸ್ತಕದಂತೆ ತೆರೆಯುತ್ತಾರೆ. ಎಲ್ಲ ತಂಟೆಯೂ ಇಲ್ಲೇ ಶುರು.

ಈ ತಂಟೆ ಬೀದಿಗೆ ಬಂದದ್ದು 1961ರ ಸೆಪ್ಟೆಂಬರಿನಲ್ಲಿ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ಮೆರಿಯಂ ಕಂಪನಿ ವೆಬ್‌ಸ್ಟರ್ ನಿಘಂಟಿನ ಮೂರನೆಯ ದೊಡ್ಡ ಆವೃತ್ತಿಯನ್ನು ಹೊರತಂದಿತು. ಹಿಂದಿನದು 1934ರದು. ಹೊಸದರಲ್ಲಿ ನಾಲ್ಕೂವರೆ ಲಕ್ಷ ನಮೂದುಗಳಿದ್ದವು. ಸಂಪಾದಕ ಫಿಲಿಪ್ ಗೋವ್ ‘ಆಡುಮಾತು’ ಎಂಬ ಹಣೆಪಟ್ಟಿಯನ್ನೇ ಕೈಬಿಟ್ಟರು. ಓದಿದವರ ಮಾತಿನಲ್ಲೂ ಇರುವ ಪದವನ್ನು ಕೆಳಗಿನ ಸಾಲಿನಲ್ಲಿ ಕೂರಿಸುವುದು ಏಕೆ ಎನ್ನುವುದು ಅವರ ನಿಲುವು. ಪ್ರಚಾರಕ್ಕೆಂದು ಕಂಪನಿ ಪತ್ರಿಕೆಗಳಿಗೆ ಕಳಿಸಿದ ಟಿಪ್ಪಣಿಯಲ್ಲಿ ‘ಏಂಟ್’ ಪದದ ಪ್ರಸ್ತಾಪವಿತ್ತು. ‘ಈಸ್ ನಾಟ್’, ‘ಆ್ಯಮ್ ನಾಟ್’ ಎನ್ನುವುದರ ಬದಲು ಆಡುಮಾತಿನಲ್ಲಿ ಬರುವ, ಅಮೆರಿಕದ ಮಕ್ಕಳು ಬಾಯಿಬಿಟ್ಟರೆ ಶಾಲೆಯಲ್ಲಿ ಗದರಿಸಿಕೊಳ್ಳುವ ಪದ ಅದು. ನಿಘಂಟಿನ ಒಳಗೆ, ಬಹಳ ಜನ ಇದನ್ನು ಒಪ್ಪುವುದಿಲ್ಲ, ಕಡಿಮೆ ಓದಿದವರಲ್ಲಿ ಹೆಚ್ಚು ಎಂದೂ, ಆದರೂ ದೇಶದ ಹೆಚ್ಚಿನ ಭಾಗಗಳಲ್ಲಿ ಸುಸಂಸ್ಕೃತರು ಸಹ ಮಾತಿನಲ್ಲಿ ಬಳಸುತ್ತಾರೆ ಎಂದೂ ಎಚ್ಚರದಿಂದ ಬರೆದಿದ್ದರು. ಪತ್ರಿಕೆಗಳು ಓದಿದ್ದು ಟಿಪ್ಪಣಿಯನ್ನು, ನಿಘಂಟನ್ನಲ್ಲ. ‘ಏಂಟ್‌ಗೆ ನಿಘಂಟಿನ ಮುದ್ರೆ’ ಎಂಬರ್ಥದ ತಲೆಬರಹಗಳು ಬಂದವು. ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಬರೆದು ಖಂಡಿಸಿತು. ಪತ್ತೇದಾರಿ ಲೇಖಕ ರೆಕ್ಸ್ ಸ್ಟೌಟ್ ಮರುವರ್ಷದ ಕಾದಂಬರಿಯಲ್ಲಿ ತಮ್ಮ ನಾಯಕ ನೀರೋ ವುಲ್ಫ್‌ನ ಕೈಯಲ್ಲಿ ಆ ನಿಘಂಟಿನ ಹಾಳೆ ಹರಿಸಿ ಬೆಂಕಿಗೆ ಹಾಕಿಸಿದರು. ‘ಇಂಪ್ಲೈ’ ಮತ್ತು ‘ಇನ್‌ಫರ್’ ಒಂದೇ ಎನ್ನುವಂತೆ ಬರೆದಿದೆ ಎಂಬುದು ವುಲ್ಫ್‌ನ ಸಿಟ್ಟು. ಮೊದಲನೆಯದು ಸೂಚಿಸುವುದು, ಎರಡನೆಯದು ಊಹಿಸುವುದು. ಒಂದು ಹೇಳುವವನ ಕೆಲಸ, ಇನ್ನೊಂದು ಕೇಳುವವನದು. ಪತ್ತೇದಾರನಿಗೆ ಆ ವ್ಯತ್ಯಾಸ ಹೊಟ್ಟೆಪಾಡು, ಸಿಟ್ಟು ಬಂದದ್ದು ನ್ಯಾಯವೇ.

ಅಮೆರಿಕನ್ ಹೆರಿಟೇಜ್ ಎಂಬ ಪ್ರಕಾಶನ ಸಂಸ್ಥೆ ಸಿಟ್ಟಿನಲ್ಲಿ ಮೆರಿಯಂ ಕಂಪನಿಯನ್ನೇ ಕೊಂಡುಬಿಡಲು ನೋಡಿತು. ಆಗದಿದ್ದಾಗ 1969ರಲ್ಲಿ ತನ್ನದೇ ನಿಘಂಟು ತಂದಿತು. ಸುಮಾರು ನೂರು ಮಂದಿ ಲೇಖಕರು, ಪತ್ರಕರ್ತರ ಸಮಿತಿ ಮಾಡಿ, ವಿವಾದದ ಪದಗಳನ್ನು ಅವರ ಮುಂದಿಟ್ಟು, ಶೇಕಡಾ ಇಷ್ಟು ಜನ ಒಪ್ಪಿದರು ಎಂದು ಅಚ್ಚು ಹಾಕಿತು. ನನಗೆ ಈ ಉಪಾಯ ಇಷ್ಟ, ಏಕೆಂದರೆ ಅದು ಸರಿ-ತಪ್ಪಿನ ತೀರ್ಪಿನಂತೆ ಕಂಡರೂ ನಿಜಕ್ಕೂ ಅಳೆಯುತ್ತಿದ್ದದ್ದು ಓದಿಕೊಂಡವರ ಕಿರಿಕಿರಿಯನ್ನು. ವರ್ಷಗಳು ಕಳೆದಂತೆ ಅದೇ ಸಮಿತಿ ತಾನು ಬೈದಿದ್ದ ಹಲವು ಬಳಕೆಗಳನ್ನು ಒಪ್ಪುತ್ತಾ ಬಂತು. 2018ರಲ್ಲಿ ಸಮಿತಿಯೇ ವಿಸರ್ಜನೆಯಾಯಿತು.

ನಿಘಂಟು ತೆರೆಯುವವರು ತಿಳಿದಿರಬೇಕಾದ ಸಣ್ಣದೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪದದ ಮುಂದೆ ಒಂದನೆಯದಾಗಿ ಕೊಟ್ಟ ಅರ್ಥವೇ ಶ್ರೇಷ್ಠ ಎಂದು ಬಹಳ ಜನ ತಿಳಿಯುತ್ತಾರೆ. ಮೆರಿಯಂ-ವೆಬ್‌ಸ್ಟರಿನಲ್ಲಿ ಅರ್ಥಗಳನ್ನು ಜೋಡಿಸುವುದು ಹಳೆಯದರಿಂದ ಹೊಸದಕ್ಕೆ. ಅಲ್ಲಿ ಒಂದನೆಯ ಅರ್ಥ ಅಜ್ಜನ ಕಾಲದ್ದು, ಅಷ್ಟೇ.

ನಿಜವಾದ ಗೊಂದಲ ಹುಟ್ಟುವುದು ಇಬ್ಬರೂ ಸರಿಯಾಗಿದ್ದಾಗ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಚರ್ಚೆಗೆ ಮಂಡಿಸುವುದು, ನಮ್ಮ ವಿಧಾನಸಭೆಯಲ್ಲೂ ಹಾಗೇ. ಅಮೆರಿಕದಲ್ಲಿ ಅದನ್ನು ಬದಿಗೆ ಸರಿಸಿಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ತುರ್ತಿನ ವಿಷಯವೊಂದನ್ನು ಟೇಬಲ್ ಮಾಡಬೇಕೆಂದರು, ಅಮೆರಿಕನ್ನರು ಕೂಡದೆಂದರು, ಬಹಳ ಹೊತ್ತು ಕಾವೇರಿದ ವಾದ ನಡೆದ ಮೇಲೆ ಇಬ್ಬರಿಗೂ ಬೇಕಾದದ್ದು ಒಂದೇ ಎಂದು ಗೊತ್ತಾಯಿತು. ಇದನ್ನು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ‘ಬಿಲಿಯನ್’ ಇನ್ನೂ ಅಪಾಯದ್ದು. ಅಮೆರಿಕದಲ್ಲಿ ಅದು ನೂರು ಕೋಟಿ. ಬ್ರಿಟನ್ನಿನಲ್ಲಿ ಹಿಂದೆ ಲಕ್ಷ ಕೋಟಿ, ಅಂದರೆ ಸಾವಿರ ಪಟ್ಟು ಹೆಚ್ಚು. ಇನ್ನು ಮುಂದೆ ಸರ್ಕಾರದ ಲೆಕ್ಕದಲ್ಲಿ ಅಮೆರಿಕದ ಅರ್ಥವೇ ಎಂದು ಪ್ರಧಾನಿ ಹೆರಾಲ್ಡ್ ವಿಲ್ಸನ್ ಸಂಸತ್ತಿಗೆ ತಿಳಿಸಿದ್ದು 1974ರಲ್ಲಿ. ಅದಕ್ಕೂ ಹಿಂದಿನ ಬ್ರಿಟಿಷ್ ಪುಸ್ತಕದಲ್ಲಿ ಬಿಲಿಯನ್ ಕಂಡರೆ ಸೊನ್ನೆ ಎಣಿಸಿಕೊಂಡೇ ಮುಂದೆ ಹೋಗಬೇಕು. ‘ಬೈವೀಕ್ಲಿ’ಯಂತೂ ವಾರಕ್ಕೆರಡು ಸಲ, ಎರಡು ವಾರಕ್ಕೊಮ್ಮೆ, ಎರಡೂ ಹೌದು. ನಿಘಂಟು ಎರಡನ್ನೂ ಕೊಟ್ಟು ಸುಮ್ಮನಾಗುತ್ತದೆ. ಇಂಥ ಪದದ ಸಹವಾಸವೇ ಬೇಡ.

ಇದಕ್ಕೆ ಎದುರಾಗಿ, ಗೊಂದಲವೇ ಇಲ್ಲದ ಕಡೆ ನಡೆಯುವ ದೊಡ್ಡ ಜಗಳ ಒಬ್ಬರಿಗೆ ‘ದೇ’ ಎನ್ನುವುದರದು. ಗಂಡೋ ಹೆಣ್ಣೋ ತಿಳಿಯದ ಒಬ್ಬರನ್ನು ಬಹುವಚನದಲ್ಲಿ ಹೇಳುವುದು ಇತ್ತೀಚಿನ ಫ್ಯಾಷನ್ ಎನ್ನುವವರಿಗೆ ಆಕ್ಸ್‌ಫರ್ಡ್ ನಿಘಂಟು 1375ರ ಉದಾಹರಣೆ ತೋರಿಸುತ್ತದೆ. ಇವತ್ತು ಒಬ್ಬರಿಗೆ ಬಳಸುವ ‘ಯೂ’ ಕೂಡ ಮೊದಲು ಬಹುವಚನವೇ. ಒಬ್ಬನಿಗೆ ಹಳೆಯ ಏಕವಚನ ‘ದೌ’ ಎನ್ನಬೇಕು ಎಂದು ಕ್ವೇಕರ್ ಪಂಥದ ಜಾರ್ಜ್ ಫಾಕ್ಸ್ 1660ರಲ್ಲಿ ಪುಸ್ತಕವನ್ನೇ ಬರೆದು ಜಗಳ ಕಾದು ಸೋತರು. ಕಾನೂನು ಬೇರೆ ದಾರಿ ಹಿಡಿಯಿತು. ‘ಹೀ’ ಎಂದರೆ ಹೆಂಗಸರೂ ಸೇರಿದಂತೆ ಎಂದು ಬ್ರಿಟಿಷ್ ಸಂಸತ್ತು 1850ರಲ್ಲಿ ಹೇಳಿತು, ಅದೇ ಮಾತು ಭಾರತದ 1897ರ ಜನರಲ್ ಕ್ಲಾಸಸ್ ಆ್ಯಕ್ಟಿನಲ್ಲಿ ಇಂದಿಗೂ ಇದೆ. ‘ಡಾಕ್ಟರು ಬಂದರಾ?’, ‘ಅವರು ಊಟಕ್ಕೆ ಹೋಗಿದ್ದಾರೆ’ ಎನ್ನುವ ನಮಗೆ ಇದರಲ್ಲಿ ಅಷ್ಟು ಕೂಗಾಡುವಂಥದ್ದು ಏನಿದೆ ಎಂದು ಅರ್ಥವಾಗುವುದೇ ಕಷ್ಟ. ಒಬ್ಬರೇ ಡಾಕ್ಟರು, ಗಂಡೋ ಹೆಣ್ಣೋ ಹೇಳಿಲ್ಲ, ಯಾರಿಗೂ ಏನೂ ತೊಡಕಾಗಿಲ್ಲ.

ನಮ್ಮ ಇಂಗ್ಲಿಷಿನ ಮೇಲಿರುವ ದೂರುಗಳನ್ನೂ ಇದೇ ಲೆಕ್ಕದಲ್ಲಿ ನೋಡಬಹುದು. ‘ಪ್ರಿಪೋನ್’ ಭಾರತೀಯರು ಹುಟ್ಟಿಸಿದ ಅಪಭ್ರಂಶ ಎಂದು ನಾಚಿಕೊಳ್ಳುವವರಿದ್ದಾರೆ. ಪೋಸ್ಟ್‌ಪೋನ್‌ಗೆ ಜೋಡಿಯಾಗಿ ಈ ಪದ ಇರಲಿ ಎಂದು ನ್ಯೂಯಾರ್ಕ್ ಟೈಮ್ಸ್‌ಗೆ ಓದುಗರೊಬ್ಬರು ಪತ್ರ ಬರೆದದ್ದು 1913ರಲ್ಲಿ. ಅಲ್ಲಿ ಅದು ಬೇರೂರಲಿಲ್ಲ, ಇಲ್ಲಿ ಊರಿತು. ಮೊದಲ ಸಲ ಕೇಳಿದವರಿಗೂ ಅರ್ಥ ಹೊಳೆಯುವ ಪದ, ನಾಚಿಕೆಗೆ ಕಾರಣವಿಲ್ಲ. ‘ಡು ದ ನೀಡ್‌ಫುಲ್’ ಬ್ರಿಟಿಷರೇ ಬಿಟ್ಟುಹೋದದ್ದು. ಅವರಿಗೆ ಈಗ ಹಳೆಯ ಗುಮಾಸ್ತರ ಕಾಗದದಂತೆ ಕೇಳಿಸಬಹುದು, ಅರ್ಥವಂತೂ ಆಗುತ್ತದೆ.

‘ಡೌಟ್’ ಹಾಗಲ್ಲ. ‘ಡೌಟ್ ಇದ್ದರೆ ಕೇಳಿ’ ಎಂದು ಪಾಠ ಮುಗಿಸುವ ತರಗತಿಗಳಲ್ಲಿ ಬೆಳೆದ ನಮಗೆ ಡೌಟು ಎಂದರೆ ತಿಳಿಯದ್ದು, ಕೇಳಬೇಕಾದದ್ದು. ಬೆಂಗಳೂರಿನ ಎಂಜಿನಿಯರ್ ಅಮೆರಿಕದ ತಂಡದೊಂದಿಗೆ ಮಾತಾಡುತ್ತಾ ‘ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಡಿಸೈನ್’ ಎಂದರೆ ಅತ್ತಲಿನವರಿಗೆ ಕೇಳಿಸುವುದು ‘ನಿಮ್ಮ ಡಿಸೈನ್ ಮೇಲೆ ನನಗೆ ನಂಬಿಕೆ ಇಲ್ಲ’ ಎಂದು. ಅವರ ದನಿ ಬಿಗಿಯಾಗುತ್ತದೆ, ಇವರಿಗೆ ಕಾರಣ ತಿಳಿಯುವುದಿಲ್ಲ. ‘2015ರಲ್ಲಿ ಪಾಸ್ ಔಟ್ ಆದೆ’ ಎಂದು ರೆಸ್ಯೂಮೆಯಲ್ಲಿ ಬರೆದರೆ ಅಮೆರಿಕದವರು 2015ರಲ್ಲಿ ಪ್ರಜ್ಞೆ ತಪ್ಪಿ ಬಿದ್ದಿರಿ ಎಂದು ಓದಬಹುದು. ‘ಐ ವಿಲ್ ರಿವರ್ಟ್’ ಎಂದರೆ ನಮಗೆ ಉತ್ತರ ಕೊಡುವುದು, ಅವರಿಗೆ ಮೊದಲಿನ ಸ್ಥಿತಿಗೆ ಮರಳುವುದು. ಹೊರದೇಶದವರೊಂದಿಗೆ ಬರೆಯುವಾಗ ನಾನು ತಿದ್ದಿಕೊಳ್ಳುವುದು ಈ ಮೂರನ್ನು, ಪ್ರಿಪೋನನ್ನಲ್ಲ.

ಪದದ ಅರ್ಥಕ್ಕೆ ದುಡ್ಡಿನ ಬೆಲೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಮೊಕದ್ದಮೆಗಳಿವೆ. ಅಮೆರಿಕದ 1883ರ ಸುಂಕದ ಕಾನೂನಿನಲ್ಲಿ ಆಮದು ತರಕಾರಿಗೆ ಶೇಕಡಾ 10 ಸುಂಕ, ಹಣ್ಣಿಗೆ ಇಲ್ಲ. ಟೊಮ್ಯಾಟೊ ತರಿಸುತ್ತಿದ್ದ ವ್ಯಾಪಾರಿಗಳು ಅದು ಹಣ್ಣು ಎಂದು ಕೋರ್ಟಿಗೆ ಹೋದರು. ವಿಚಾರಣೆಯಲ್ಲಿ ನಿಘಂಟುಗಳನ್ನು ಗಟ್ಟಿಯಾಗಿ ಓದಲಾಯಿತು. ಸಸ್ಯಶಾಸ್ತ್ರ ಅವರ ಪರವಾಗಿತ್ತು. 1893ರಲ್ಲಿ ಸುಪ್ರೀಂ ಕೋರ್ಟ್, ಜನ ಅದನ್ನು ತಿನ್ನುವುದು ಊಟದ ಜತೆಗೆ, ಊಟವಾದ ಮೇಲಿನ ಸಿಹಿಯಾಗಿ ಅಲ್ಲ, ಆದ್ದರಿಂದ ಸುಂಕದ ಮಟ್ಟಿಗೆ ಅದು ತರಕಾರಿಯೇ ಎಂದಿತು.

ನಮ್ಮ ಸುಪ್ರೀಂ ಕೋರ್ಟಿಗೆ ಬಂದದ್ದು ವೀಳ್ಯದೆಲೆ. ಅದೂ 1961ರಲ್ಲೇ, ಅಮೆರಿಕದಲ್ಲಿ ವೆಬ್‌ಸ್ಟರಿನ ಗದ್ದಲವೆದ್ದ ವರ್ಷ. ಮಧ್ಯಪ್ರಾಂತ ಮತ್ತು ಬೇರಾರಿನ ಮಾರಾಟ ತೆರಿಗೆ ಕಾನೂನಿನಲ್ಲಿ ‘ವೆಜಿಟಬಲ್ಸ್’ಗೆ ವಿನಾಯಿತಿ ಇತ್ತು. ವೀಳ್ಯದೆಲೆಗೆ ಬೇರೆಯದೇ ಸಾಲಿನಲ್ಲಿ ವಿನಾಯಿತಿ ಇದ್ದು, 1948ರ ತಿದ್ದುಪಡಿಯಲ್ಲಿ ಅದನ್ನು ಕಿತ್ತುಹಾಕಿದ್ದರು. ಎಲೆ ವ್ಯಾಪಾರಿಯ ವಾದ ಚುರುಕಾಗಿತ್ತು: ನಿಘಂಟಿನ ಪ್ರಕಾರ ಗಿಡಬಳ್ಳಿಗಳಿಂದ ಬಂದದ್ದೆಲ್ಲ ವೆಜಿಟಬಲ್, ವೀಳ್ಯದೆಲೆ ಬಳ್ಳಿಯಿಂದ ಬಂದದ್ದು, ಆದ್ದರಿಂದ ವಿನಾಯಿತಿ ಹಾಗೇ ಇದೆ. ದಿನನಿತ್ಯ ಬಳಸುವ ಪದಕ್ಕೆ ನಿಘಂಟಿನ ಅಥವಾ ಸಸ್ಯಶಾಸ್ತ್ರದ ಅರ್ಥವಲ್ಲ, ಆಡುಮಾತಿನ ಅರ್ಥವನ್ನೇ ಹಿಡಿಯಬೇಕು ಎಂದಿತು ನ್ಯಾಯಾಲಯ. ಹಿತ್ತಲಿನಲ್ಲಿ ಬೆಳೆದು ಅಡುಗೆ ಮಾಡಿ ಉಣ್ಣುವಂಥದ್ದು ಜನರ ಬಾಯಲ್ಲಿ ವೆಜಿಟಬಲ್, ವೀಳ್ಯದೆಲೆ ಅದಲ್ಲ. ಅಲ್ಲದೆ ಕಾನೂನು ಮಾಡಿದವರೇ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿದ್ದರು, ಅವು ಒಂದೇ ಎಂದು ಅವರೂ ತಿಳಿದಿರಲಿಲ್ಲ. ಅರ್ಜಿ ವಜಾ ಆಯಿತು, ವ್ಯಾಪಾರಿ ತೆರಿಗೆ ಕಟ್ಟಬೇಕಾಯಿತು.